ಕಿರುಬೆರಳಿನ ಕೆಲಸ

ಯಾದಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದ ಸಾಬಮ್ಮನ ಶೆಡ್ಡಲ್ಲಿ ಅಕ್ಕಿ ಮುಗಿದು ಎರಡು ದಿನ ಆಗಿತ್ತು. ರೇಷನ್ ಅಂಗಡಿಯಲ್ಲಿ ಬೆರಳಿನ ಗುರುತು ಹಿಡಿಯೋ ಮಿಷನ್ನಿನ ಮೇಲೆ ಅವಳ ಹೆಬ್ಬೆರಳು ಗತ್ತಿನಿಂದ ಕೂತಿತು.

"ನೀವ್ಯಾರೋ ಗೊತ್ತಾಗ್ಲಿಲ್ಲ," ಅಂತು ಮಿಷನ್ನು.

"ಈ ಅಂಗಡಿ ಗ್ವಾಡಿ ಕಟ್ಟಿದಾಂವ ನಾನು," ಅಂತು ಹೆಬ್ಬೆರಳು.

"ಸಂತೋಷ. ಗೆರೆ ತೋರಿಸಿ."

"ಇಟ್ಟಿಗಿ, ಸಿಮೆಂಟು ಹಿಡಿದು ಹಿಡಿದು ನನ್ನ ಗೆರಿ ಎಲ್ಲ ಸವದು ಆ ಗ್ವಾಡ್ಯಾಗ ಹೋಗ್ಯಾವ. ಅಲ್ಲೇ ನೋಡ್ಕೋ."

"ಗೋಡೆ ಹೆಸರಲ್ಲಿ ಕಾರ್ಡಿಲ್ಲ ಸ್ವಾಮಿ."

ತೋರುಬೆರಳು, ನಡುಬೆರಳು, ಉಂಗುರಬೆರಳು ಒಂದೊಂದಾಗಿ ಹೋಗಿ ಅದೇ ಉತ್ತರ ಕೇಳಿಸ್ಕೊಂಡು ಬಂದವು. ಸಾಬಮ್ಮ ಖಾಲಿ ಚೀಲ ಮಡಚೋಕೆ ಶುರುಮಾಡಿದಳು.

"ನಾ ಹೋಗಿ ಬರ್ಲೇನಣ್ಣ?" ಅಂತ ಕಿರುಬೆರಳು ಮೆಲ್ಲಗೆ ಕೇಳಿತು.

"ಇಟ್ಟಿಗಿ ಎತ್ತೂವಾಗ ದೂರ ನಿಂದ್ರಾಂವ ನೀನು. ನಿನ್ನ ಯಾರು ಕೇಳ್ತಾರ?" ಅಂತು ಹೆಬ್ಬೆರಳು.

ಆದ್ರೂ ಕಿರುಬೆರಳು ಹೋಗಿ ಕೂತಿತು.

"ನಮಸ್ಕಾರ ಸಾಬಮ್ಮನೋರೇ," ಅಂತು ಮಿಷನ್ನು. ಚೀಲ ತುಂಬಿತು.

ಮರುದಿನ ಇಟ್ಟಿಗೆ ಎತ್ತುವಾಗ ಕಿರುಬೆರಳು ಹುರುಪಿನಿಂದ ತಾನೂ ಹಿಡಿಯೋಕೆ ಬಂತು. ಹೆಬ್ಬೆರಳು ಗದರಿತು: "ಆ ಕಡಿ ನಿಂದ್ರು ತಮ್ಮಾ. ನೀನೂ ಸವದ್ರ ಎಲ್ಲಾರಿಗೂ ಉಪಾಸ."