ಸಿಂಹದ ಬಾಯಿಗೆ ಬಿರಡೆ

ರೋಮ್ ನಗರದ ಒಂದು ಬೀದಿಯ ಕೊನೆಯಲ್ಲಿ ಕಲ್ಲಿನ ಸಿಂಹವೊಂದಿತ್ತು. ದೂರದ ಬೆಟ್ಟದಿಂದ ಕಮಾನುಗಳ ಮೇಲಿನ ಕಾಲುವೆಯಲ್ಲಿ ಹರಿದು ಬಂದ ನೀರು ಅದರ ಬಾಯಿಂದ ತೊಟ್ಟಿಗೆ ಸುರಿಯುತ್ತಿತ್ತು. ಇಡೀ ಕೇರಿಯ ಕೊಡಗಳು ತುಂಬುತ್ತಿದ್ದುದು ಅಲ್ಲೇ.

ಒಂದು ಬೇಸಿಗೆಯಲ್ಲಿ ನೀರು ಹನಿಹನಿಯಾಯಿತು. ಕೊಡ ಹಿಡಿದು ನಿಂತು ಸುಸ್ತಾದ ಫೌಸ್ತಾ ಎಂಬ ಮುದುಕಿ, “ಏನು ಧಾಡಿ ನಿನಗೆ?” ಎಂದು ಸಿಂಹದ ಮೂತಿಗೇ ತಿವಿದಳು.

ಸಿಂಹಕ್ಕೆ ಮೈಯೆಲ್ಲ ಉರಿಯಿತು. ತಾನೇನು ತಪ್ಪು ಮಾಡಿದೆ? ಅಷ್ಟರಲ್ಲಿ ಹಾಸುಗಲ್ಲಿನ ಕೆಳಗೆ ಗುಳುಗುಳು ಸದ್ದು ಕೇಳಿಸಿತು. ಅಲ್ಲೊಂದು ಸೀಸದ ಕೊಳವೆ ಸಿಂಹಕ್ಕೆ ಬರುವ ನೀರನ್ನು ಕದ್ದು ಹೀರುತ್ತಿತ್ತು.

“ಎಲ್ಲಿಗೆ ಒಯ್ಯುತ್ತೀಯೋ, ಕಳ್ಳ?” ಎಂದು ಗರ್ಜಿಸಿತು ಸಿಂಹ.

“ವಿಬಿಯುಸ್ ಧಣಿಗಳ ಸ್ನಾನದ ಮನೆಗೆ. ಮೆಲ್ಲಗೆ ಮಾತಾಡಿ ಸ್ವಾಮಿ, ನಾನೆಷ್ಟು ಕುಡಿದೇನು?”

“ಇಲ್ಲಿ ಕೂಸುಗಳ ಗಂಜಿಗೆ ನೀರಿಲ್ಲ, ಅಲ್ಲಿ ನಿನ್ನ ಧಣಿಗೆ ಈಜಾಟವೇ? ಬರಲಿ ನೀರಿನ ಅಧಿಕಾರಿ, ನಿನ್ನ ಬಂಡವಾಳ ಬಯಲು ಮಾಡುತ್ತೇನೆ!”

ಅಧಿಕಾರಿ ಬಂದ. “ಹಾಸುಗಲ್ಲು ಎಬ್ಬಿಸಿ ನೋಡಿ!” ಎಂದು ಸಿಂಹ ಕೂಗಿತು. ಅವನು ಅದೇ ಹಾಸುಗಲ್ಲಿನ ಮೇಲೆ ನಿಂತು, ಅಳತೆಗೋಲು ತೆಗೆದು ಸಿಂಹದ ಬಾಯಿಯನ್ನಷ್ಟೇ ಅಳೆದ.

“ಬಾಯಿ ತೀರಾ ದೊಡ್ಡದು. ನೀರು ಪೋಲಾಗುತ್ತಿರುವುದು ಇಲ್ಲೇ,” ಎಂದು ಅದಕ್ಕೊಂದು ಮರದ ಬಿರಡೆ ಜಡಿಸಿದ. ಆಮೇಲೆ ಬೆವರು ಒರೆಸಿಕೊಂಡು, ವಿಬಿಯುಸನ ಸ್ನಾನದ ಮನೆಯತ್ತ ಹೆಜ್ಜೆ ಹಾಕಿದ.

“ಬನ್ನಿ ಸ್ವಾಮಿ,” ಎಂದಿತು ನೆಲದಡಿಯ ಕೊಳವೆ, “ನಾನೂ ಅಲ್ಲಿಗೇ ಹೊರಟಿದ್ದೇನೆ.”