ಸವರದ ದಾರಿ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಯಾವ ಪಾಪವನ್ನೂ ಮಾಡದವರು ಏಕೆ ಸಾಯುತ್ತಾರೆ?”

ಗುರುಗಳು ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅವನ ಊರಿನಿಂದ ಸ್ವಲ್ಪ ಕೆಳಗೆ ಹೊಳೆ ಬಂಡೆಗಳ ಮೇಲಿಂದ ಧುಮುಕುತ್ತಿತ್ತು. ಅಲ್ಲಿ ಅಂಬಿಗರು ಹರಿಗೋಲನ್ನು ಬೆನ್ನಿಗೆ ಕವುಚಿಕೊಂಡು ಕಾಡಿನ ಕಾಲುದಾರಿಯಲ್ಲಿ ನಡೆದು, ನೀರಿನ ರಭಸ ತಣ್ಣಗಾದ ಕಡೆ ಮತ್ತೆ ಇಳಿಸುತ್ತಿದ್ದರು. ಹೊತ್ತವನು ತನ್ನ ಮೈಗೆ ತಾಗಿದ ಕೊಂಬೆಯನ್ನು ಕತ್ತಿಯಿಂದ ಸವರಿ ಮುಂದೆ ಹೋಗಬೇಕು ಎಂಬುದು ಹಿರಿಯರು ಮಾಡಿಟ್ಟ ಕಟ್ಟಳೆ. ಆದರೆ ಸವರಬೇಕಾದರೆ ಹೊರೆ ಇಳಿಸಬೇಕು, ಮತ್ತೆ ಹೊರಬೇಕು. ಅಷ್ಟು ಪುರಸೊತ್ತು ಯಾರಿಗಿದೆ? ಅಂಬಿಗ ತಲೆ ತಗ್ಗಿಸಿ ನುಸುಳಿ ಹೋಗುತ್ತಿದ್ದ. ಕತ್ತಿ ಅವನ ಸೊಂಟದಲ್ಲೇ ತುಕ್ಕು ಹಿಡಿಯಿತು. ಯಾರಾದರೂ ಸವರುತ್ತ ನಿಂತಿದ್ದರೆ, “ಏನಪ್ಪಾ, ಕಾಡಿಗೆ ಕ್ಷೌರ ಮಾಡ್ತಿದ್ದೀಯಾ?” ಎಂದು ನಗುತ್ತಿದ್ದ. ಬರಬರುತ್ತ ಹಾಗೆ ನಿಲ್ಲುವವರೂ ಇಲ್ಲವಾದರು.

ಒಂದು ಮಳೆಗಾಲ ಮುಗಿದ ಹೊಸತರಲ್ಲಿ ಅವನ ಹೆಂಡತಿಗೆ ಹಾವು ಕಚ್ಚಿತು. ವಿಷ ಇಳಿಸುವ ವೈದ್ಯನಿದ್ದದ್ದು ಹೊಳೆಯ ಕೆಳಗಿನ ಊರಿನಲ್ಲಿ. ಕಾಲುದಾರಿ ಮುಗಿದ ಮೇಲೆ ದಡದುದ್ದಕ್ಕೂ ಕಡಿದಾದ ಬಂಡೆ. ನೀರಿನ ಮೇಲಲ್ಲದೆ ಹೋಗಲು ಬೇರೆ ದಾರಿಯಿರಲಿಲ್ಲ. ಅಂಬಿಗ ಅವಳನ್ನು ಹರಿಗೋಲಿನಲ್ಲಿ ಮಲಗಿಸಿ ಬಂಡೆಗಳವರೆಗೆ ತಂದ. ಹೆಂಡತಿ, ಹರಿಗೋಲು ಎರಡನ್ನೂ ಒಟ್ಟಿಗೆ ಹೊರಲಾಗದು. ಮೊದಲು ಅವಳನ್ನು ಹೊತ್ತುಕೊಂಡು ಕಾಡು ಹೊಕ್ಕ. ಮಳೆಗೆ ಹಬ್ಬಿದ ಮುಳ್ಳು ಇಬ್ಬರ ಮೈಯನ್ನೂ ಗೀರಿತು. ಹೇಗೋ ದಾಟಿ, ಕೆಳಗಿನ ಮರಳಿನಲ್ಲಿ ಅವಳನ್ನು ಮಲಗಿಸಿ, ಹರಿಗೋಲು ತರಲು ಓಡಿದ.

ಮನುಷ್ಯ ನುಸುಳಿದ ಕಡೆ ಹರಿಗೋಲು ನುಸುಳಲಿಲ್ಲ. ನಡುದಾರಿಯಲ್ಲಿ ಬಳ್ಳಿಗಳು ಅದನ್ನು ಹಿಡಿದುಕೊಂಡವು. ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ಅಂಬಿಗ ಕತ್ತಿ ತೆಗೆದ. ಮೊಂಡು ಕತ್ತಿ ಬಳ್ಳಿಯನ್ನು ಜಜ್ಜಿತೇ ಹೊರತು ಕಡಿಯಲಿಲ್ಲ.

ಕೆಳಗಿನಿಂದ ಹೆಂಡತಿ ಕೂಗಿದಳು: “ಬಂದ್ರಾ?”

“ಬಂದೆ ಕಣೇ, ಇನ್ನೇನು ಬಂದೆ” ಎಂದ. ಅವನು ನಿಂತಲ್ಲೇ ನಿಂತಿದ್ದ.

ಅವಳು ಮತ್ತೆ ಕೂಗಿದಳು. ಅವನು ಮತ್ತೆ ಬಂದೆ ಎಂದ. ಕೈಯಿಂದ ಹರಿದ, ಹಲ್ಲಿನಿಂದ ಕಚ್ಚಿ ಎಳೆದ. ಕಾಡನ್ನು ಬೈದ, ದೇವರನ್ನು ಬೈದ, ಕೊನೆಗೆ ತನ್ನನ್ನೇ ಬೈದುಕೊಂಡು ಅತ್ತ. ಒಂದೇ ಕೂಗಿನ ದೂರದಲ್ಲಿ ಅವಳಿದ್ದಳು. ಹರಿಗೋಲು ಬಿಟ್ಟು ಓಡಿದರೆ ಅವಳ ಬಳಿಗೆ ಹೋಗಬಹುದಿತ್ತು, ಆದರೆ ಅವಳನ್ನು ಉಳಿಸಲಾಗುತ್ತಿರಲಿಲ್ಲ. ಹರಿಗೋಲು ಹಿಡಿದು ನಿಂತರೆ ಅವಳ ಮುಖವನ್ನೂ ನೋಡಲಾಗುತ್ತಿರಲಿಲ್ಲ. ಅವನು ಕಡಿಯುತ್ತಲೇ ಇದ್ದ. ಆಮೇಲೆ ಕೂಗು ನಿಂತಿತು. ಯಾರೂ ಕೇಳದಿದ್ದರೂ ಅವನು ಬಂದೆ, ಬಂದೆ ಎನ್ನುತ್ತಲೇ ಇದ್ದ.

ಹರಿಗೋಲು ನೀರಿಗೆ ಇಳಿಯುವ ಹೊತ್ತಿಗೆ ಅವಳ ಮೈ ತಣ್ಣಗಾಗಿತ್ತು.

ಶಿಷ್ಯ ಕೇಳಿದ: “ಗುರುಗಳೇ, ಆ ದಾರಿ ಅವನೊಬ್ಬನದೇ? ಉಳಿದವರೆಲ್ಲ ಸವರದೆ ಏನು ಮಾಡುತ್ತಿದ್ದರು?”

ಗುರುಗಳು ಹೇಳಿದರು: “ಹೆಣ ಹೊರಲು ಬಂದ ಪ್ರತಿಯೊಬ್ಬನೂ ಇದನ್ನೇ ಕೇಳಿದ.”