ಇಟ್ಟಿಗೆ ಗೂಡಿನ ಮಕ್ಕಳು

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಇಂದು ಬಂದು ನಾಳೆ ಹೋಗುವವರಿಗೆ ಉಪಕಾರ ಮಾಡಿದರೆ ಏನು ಫಲ?”

ಗುರುಗಳು ಹೇಳಿದರು:

ಒಂದು ಊರಿತ್ತು. ಅಲ್ಲೊಂದು ಮದ್ದಿನ ಮನೆ. ಊರಿನ ಪಟ್ಟಿಯಲ್ಲಿ ಹೆಸರಿದ್ದವರಿಗೆ ಅಲ್ಲಿ ಚಿಕಿತ್ಸೆ, ಇಲ್ಲದವರಿಗೆ ಇಲ್ಲ. ಸಿದ್ದಾಜಮ್ಮ ಎಂಬಾಕೆ ಅಲ್ಲಿನ ವೈದ್ಯೆ.

ಊರಾಚೆ ಇಟ್ಟಿಗೆ ಗೂಡುಗಳಿದ್ದವು. ದೂರದ ಸೀಮೆಯ ಜನ ಮಕ್ಕಳು ಮರಿಯೊಂದಿಗೆ ಬಂದು ಅಲ್ಲಿ ಮಣ್ಣು ತುಳಿಯುತ್ತಿದ್ದರು. ಅವರ ಮಾತು ಊರಿಗೆ ತಿಳಿಯದು. ಅವರು ಕುಡಿಯುತ್ತಿದ್ದುದು ಮಣ್ಣು ತೆಗೆದ ಹೊಂಡದ ನೀರು. ಒಂದು ಬೇಸಗೆಯಲ್ಲಿ ಅವರ ಮಕ್ಕಳಿಗೆ ವಾಂತಿಭೇದಿ ಹತ್ತಿತು.

ಫುಲ್ಮನಿ ಎಂಬ ತಾಯಿ ಮಗಳನ್ನು ಹೊತ್ತು ಮದ್ದಿನ ಮನೆಗೆ ಓಡಿ ಬಂದಳು. ಕಾವಲುಗಾರ ಪಟ್ಟಿ ನೋಡಿದ. ಹೆಸರಿರಲಿಲ್ಲ. ಹಿಂದಕ್ಕೆ ಹೋಗೆಂದು ಕೈ ತೋರಿಸಿದ. ಅಷ್ಟರಲ್ಲಿ ಸಿದ್ದಾಜಮ್ಮ ಹೊರಗೆ ಬಂದು ಮಗುವನ್ನು ಎತ್ತಿಕೊಂಡಳು. ಮಗುವಿನ ಕಣ್ಣು ಗುಳಿಬಿದ್ದಿತ್ತು, ನಾಲಿಗೆ ಒಣಗಿತ್ತು.

ಸುದ್ದಿ ತಿಳಿದು ಊರಿನ ಯಜಮಾನ ಬಂದ. “ಅವರು ನಮ್ಮವರಲ್ಲ, ತಾಯಿ. ಮಳೆ ಬಿದ್ದರೆ ಹೊರಟುಹೋಗುತ್ತಾರೆ. ಈ ಮನೆಯಲ್ಲಿ ಅವರಿಗೆ ಜಾಗವಿಲ್ಲ.”

“ಜಾಗವಿಲ್ಲದಿದ್ದರೆ ಬೇಡ. ನಾನೇ ಅಲ್ಲಿಗೆ ಹೋಗುತ್ತೇನೆ” ಎಂದಳು ಸಿದ್ದಾಜಮ್ಮ. ಮಗುವನ್ನು ಹೆಗಲಿಗೆ ಹಾಕಿಕೊಂಡು ಫುಲ್ಮನಿಯ ಜೊತೆ ನಡೆದುಬಿಟ್ಟಳು.

ಗೂಡಿನ ಬಳಿ ಇಪ್ಪತ್ತಮೂರು ಮಕ್ಕಳು ಮಲಗಿದ್ದರು. ಕಾಯಿಸಿ ಆರಿಸಿದ ನೀರಿಗೆ ಉಪ್ಪು ಬೆಲ್ಲ ಬೆರೆಸಿ ಚಮಚ ಚಮಚವಾಗಿ ಕುಡಿಸಬೇಕು. ಕಕ್ಕಿದರೆ ಸ್ವಲ್ಪ ತಡೆದು ಮತ್ತೆ ಕುಡಿಸಬೇಕು. ಬಿಡುವಂತಿಲ್ಲ. ತಾಯಂದಿರಲ್ಲೇ ಹಲವರು ಕಾಯಿಲೆಬಿದ್ದಿದ್ದರು. ಎರಡನೆಯ ದಿನಕ್ಕೆ ಸಿದ್ದಾಜಮ್ಮನ ಕೈ ಸೋತು ಚಮಚ ಜಾರಿತು. ಆಕೆಗೆ ಭಯವಾಯಿತು. ಮದ್ದು ಗೊತ್ತಿತ್ತು, ಕುಡಿಸುವ ಕೈ ಸಾಲುತ್ತಿರಲಿಲ್ಲ.

ಆ ದಾರಿಯಲ್ಲಿ ಬಳೆಗಾರ್ತಿಯೊಬ್ಬಳು ಹೋಗುತ್ತಿದ್ದಳು. ನಿಂತು ನೋಡಿದಳು. ಬಳೆಯ ಮಲಾರ ಇಳಿಸಿ, ಒಂದು ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಸಂಜೆ ಊರಿಗೆ ಹೋದವಳು ತಾನು ಬಳೆ ತೊಡಿಸಿದ ಮನೆಗಳ ಬಾಗಿಲನ್ನೆಲ್ಲ ತಟ್ಟಿದಳು. “ಏನೂ ತರಬೇಡಿ, ಬನ್ನಿ ಸಾಕು” ಎಂದಳು.

ಬೆಳಗಾದಾಗ ನಲವತ್ತು ಹೆಂಗಸರು ಬಂದಿದ್ದರು. ಒಂದೊಂದು ಮಗುವಿಗೆ ಒಂದೊಂದು ಮಡಿಲಾಯಿತು. ಉಳಿದವರು ಊರ ಬಾವಿಯಿಂದ ನೀರು ಹೊತ್ತರು, ಒಲೆ ಹೂಡಿದರು, ಗಂಜಿ ಕಾಯಿಸಿದರು. ಹೊಂಡದ ನೀರನ್ನು ಯಾರೂ ಮುಟ್ಟಲಿಲ್ಲ.

ಐದನೆಯ ದಿನ ಫುಲ್ಮನಿಯ ಮಗಳು ಚಮಚವನ್ನು ತಳ್ಳಿ, ಅನ್ನ ಬೇಕೆಂದು ರಚ್ಚೆ ಹಿಡಿದು ಅತ್ತಳು. ಆ ಭಾಷೆ ಬಾರದವರಿಗೂ ಆ ಅಳು ಅರ್ಥವಾಯಿತು. ಗೂಡಿನ ಜನ, ಊರಿನ ಜನ ಒಟ್ಟಿಗೆ ನಕ್ಕರು. ಸಿದ್ದಾಜಮ್ಮ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಇಪ್ಪತ್ತಮೂರರಲ್ಲಿ ಒಂದು ಮಗುವಿನ ಜೀವವೂ ಹೋಗಲಿಲ್ಲ.

ಹೆಂಗಸರು ಆ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಹಾಡು ಹೇಳುತ್ತ ಊರೊಳಗೆ ಬಂದರು. ನೇರ ಮದ್ದಿನ ಮನೆಯ ಮುಂದೆ ನಿಂತರು. ಯಜಮಾನ ಆ ಮಕ್ಕಳನ್ನು ನೋಡಿದ, ಅವರನ್ನು ಎತ್ತಿಕೊಂಡ ತನ್ನೂರ ಹೆಂಗಸರನ್ನು ನೋಡಿದ. ಕೊನೆಗೆ ತಾನೇ ಹೋಗಿ ಎರಡೂ ಕದ ತೆರೆದ. ಅಂದಿನಿಂದ ಆ ಬಾಗಿಲಲ್ಲಿ ಹೆಸರು ಕೇಳುವುದು ನಿಂತಿತು. ಎಲ್ಲಿ ನೋವು ಎಂದು ಕೇಳತೊಡಗಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಾಲಲಿಲ್ಲ. “ಆ ಮಕ್ಕಳು ದೊಡ್ಡವರಾದ ಮೇಲೆ ಊರಿಗಾಗಿ ಏನು ಮಾಡಿದರು?”

ಗುರುಗಳು ಹೇಳಿದರು: “ದೊಡ್ಡವರಾದರು ಎಂದೆಯಲ್ಲ, ಅದನ್ನೇ ಮಾಡಿದರು.”